ಹಾಲೋಸ್, ಫ್ರೆಡ್
1929-93. ನ್ಯೂಜಿಲೆಂಡಿನ ಡನೀಡನ್‌ನಲ್ಲಿ ಹುಟ್ಟಿ ಆಸ್ಟ್ರೇಲಿಯದಲ್ಲಿ ನೆಲೆಸಿದ ನೇತ್ರಶಸ್ತ್ರವೈದ್ಯ. ಪಾದ್ರಿಯಾಗಲು ಹೊರಟವನು ವೈದ್ಯಕೀಯಕ್ಕೆ ಹೊರಳಿದ. ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಾಸ್ಪತ್ರೆಯಲ್ಲಿ ಪಳಗಿ 1965ರಲ್ಲಿ ಸಿಡ್ನಿಗೆ ಬಂದ. 1968ರಲ್ಲಿ ವಾಟಿ ಕ್ರೀಕ್‌ನ ಗುರಿಂಜಿ ಮೂಲನಿವಾಸಿಗಳಲ್ಲಿ ಟ್ರಕೋಮ ಕಂಡು ದಂಗಾದ. ಈ ಸೋಂಕು ಮರುಕಳಿಸುತ್ತ ಹೋದಂತೆ ರೆಪ್ಪೆಯ ಒಳಮೈ ಕಲೆಗಟ್ಟಿ ಸುರುಟಿಕೊಳ್ಳುತ್ತದೆ. ಒಳಕ್ಕೆ ತಿರುಗಿದ ರೆಪ್ಪೆಗೂದಲು ಕಣ್ಣು ಮಿಟುಕಿಸಿದಾಗಲೆಲ್ಲ ಕಾರ್ನಿಯಾವನ್ನು ಉಜ್ಜಿ ಉಜ್ಜಿ ಕುರುಡಾಗಿಸುತ್ತದೆ. ನೀರು, ನೈರ್ಮಲ್ಯ ಸುಧಾರಿಸಿದಲ್ಲಿ ತಾನಾಗಿ ಹಿಂದೆ ಸರಿಯುವ ಈ ರೋಗ ಸಿರಿವಂತ ದೇಶದೊಳಗೆ ಉಳಿದದ್ದೇ ಈತನ ಸಿಟ್ಟಿಗೆ ಕಾರಣ. ಸಿಡ್ನಿಯ ರೆಡ್‌ಫರ್ನ್‌ನಲ್ಲಿ 1971ರಲ್ಲಿ ಮೂಲನಿವಾಸಿ ವೈದ್ಯಸೇವೆ ಆರಂಭವಾಗಲು ನೆರವಾದ. 1976-78ರಲ್ಲಿ ರಾಷ್ಟ್ರೀಯ ಟ್ರಕೋಮ ತಪಾಸಣೆಯ ನೇತೃತ್ವ ವಹಿಸಿ ಒಳನಾಡಿನ ನೂರಾರು ನೆಲೆಗಳನ್ನು ಸುತ್ತಿದ. ಒರಟು ಮಾತಿನ ಎಡಪಂಥೀಯ. ಮೂಲನಿವಾಸಿಗಳ ಆರೋಗ್ಯದ ಕಡೆಗಣನೆಯನ್ನು ಪ್ರತಿಭಟಿಸಿ 1985ರಲ್ಲಿ ಸರ್ಕಾರಿ ಗೌರವ ನಿರಾಕರಿಸಿದ, ಮುಂದೆ ಸ್ವೀಕರಿಸಿದನೆನ್ನಿ. ಪೊರೆ ಶಸ್ತ್ರಚಿಕಿತ್ಸೆಗೆ ಬೇಕಾದ ಕೃತಕ ಮಸೂರವನ್ನು ಬಡದೇಶಗಳೇ ಅಗ್ಗವಾಗಿ ತಯಾರಿಸಬೇಕೆಂಬುದು ಕೊನೆಯ ವರ್ಷಗಳ ಹಟ. ನೇಪಾಳದ ನೇತ್ರವೈದ್ಯ ಸಂದುಕ್ ರುಯಿತ್ ಈತನ ಶಿಷ್ಯ. ಎರಿಟ್ರಿಯದ ಅಸ್ಮಾರಾ ಮತ್ತು ಕಠ್ಮಂಡುವಿನ ಮಸೂರ ಕಾರ್ಖಾನೆಗಳು ಶುರುವಾದದ್ದು ಈತ ಕ್ಯಾನ್ಸರ್‌ನಿಂದ ತೀರಿಕೊಂಡ ಮೇಲೆ.