ಸುರಪುರದ ದೊರೆ ಕಾಣದ ಹವಳದ ದಂಡೆ

ನೀವು ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದು ಕುಳಿತಿರುವ ಕೋಣೆಯ ನೆಲವನ್ನೊಮ್ಮೆ ನೋಡಿರಿ. ಯಾದಗಿರಿ, ಶಹಾಪುರ, ಸುರಪುರಗಳ ಹಳೆಯ ಮನೆಯಾದರೆ ಅಲ್ಲಿ ಬಹುಮಟ್ಟಿಗೆ ಶಹಾಬಾದಿನ ಕಲ್ಲು ಹಾಸಿರುತ್ತದೆ. ಕೋಟ್ಯಂತರ ವರ್ಷಗಳ ಹಿಂದೆ ಈ ಭೀಮಾ ತೀರದ ಸೀಮೆಯಲ್ಲಿ ಆಳವಿಲ್ಲದ ಸಮುದ್ರವೊಂದಿದ್ದಿತು. ಅದರ ತಳದಲ್ಲಿ ಮಡುಗಟ್ಟಿದ ಸುಣ್ಣದ ಕೆಸರೇ ಇಂದಿನ ಈ ಕಲ್ಲು. ಸಮುದ್ರ ನಮ್ಮ ಕಾಲಡಿಯಲ್ಲೇ ಇದೆ. ಆದರೆ ಕಣ್ಣಿಗೆ ಕಾಣುವ ಕಡಲನ್ನು ಸೇರಬೇಕಾದರೆ ಸುರಪುರದಿಂದ ಯಾವ ಕಡೆಗೆ ಹೊರಟರೂ ಮುನ್ನೂರು ಕಿಲೋಮೀಟರಿಗೆ ಕಡಿಮೆಯಾಗದು. ಇಂಥ ಒಳನಾಡಿನ ಒಬ್ಬ ತರುಣ ದೊರೆಗೆ 1858ರಲ್ಲಿ ಕಡಲೇ ಶಿಕ್ಷೆಯಾಗಿ ಬಂದೊದಗಿದ ಸಂಗತಿಯನ್ನು ನಿಮಗೆ ಹೇಳಬೇಕೆಂದಿದ್ದೇನೆ.

ರಾಜಾ ವೆಂಕಟಪ್ಪನಾಯಕನ ಹೆಸರನ್ನು ಕೇಳದವರು ನಮ್ಮಲ್ಲಿ ಇಲ್ಲ. ತಂದೆ ಕೃಷ್ಣಪ್ಪನಾಯಕನು 1842ರಲ್ಲಿ ತೀರಿಕೊಂಡಾಗ ಅವನು ಎಳೆಯ ಬಾಲಕ. ಸಂಸ್ಥಾನದ ಮೇಲ್ವಿಚಾರಣೆಗೆಂದು ಬಂದ ಮೆಡೋಸ್ ಟೇಲರನು ಸುಮಾರು ಹನ್ನೊಂದು ವರ್ಷ ಇಲ್ಲಿದ್ದು, ಗುಡ್ಡದ ಮೇಲೆ ಮನೆ ಕಟ್ಟಿಸಿ, 1853ರಲ್ಲಿ ಅಧಿಕಾರವನ್ನು ದೊರೆಯ ಕೈಗೊಪ್ಪಿಸಿ ಹೊರಟುಹೋದನು. ಹುಡುಗನು ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನಂತೆ. ಆ ಒಂದು ಪದ ಕನ್ನಡದ್ದೆಂಬುದನ್ನು ನಾವು ಮರೆಯಬಾರದು. ಟೇಲರನ ಮರಣಾನಂತರ ಪ್ರಕಟವಾದ ಆತ್ಮಕಥೆಯಲ್ಲಿ ಸುರಪುರದ ಭಾಗವನ್ನು ಓದಿದರೆ, ಆಳುವವನ ಅಹಂಕಾರವೂ ಸಾಕಿದವನ ಸಂಕಟವೂ ಒಂದೇ ಪುಟದಲ್ಲಿ ಸಿಕ್ಕುತ್ತವೆ. ಎರಡನ್ನೂ ಬೇರ್ಪಡಿಸಿ ಓದುವ ಕೆಲಸ ನಮ್ಮದು.

1858ರ ಫೆಬ್ರವರಿಯಲ್ಲಿ ಸುರಪುರದ ಬಳಿ ಇಂಗ್ಲಿಷರ ದಂಡಿನ ಮೇಲೆ ಬೇಡರ ಪಡೆ ಎರಗಿತು. ಕ್ಯಾಪ್ಟನ್ ನ್ಯೂಬೆರಿ ಎಂಬ ಅಧಿಕಾರಿ ಕಾಳಗದಲ್ಲಿ ಮಡಿದನು. ಹೆಚ್ಚಿನ ಸೈನ್ಯ ಬರುತ್ತಿರುವುದನ್ನು ತಿಳಿದು ದೊರೆಯು ಊರು ಬಿಟ್ಟು ಹೈದರಾಬಾದಿಗೆ ಹೋದನು. ಅಲ್ಲಿಯ ಪೇಟೆಯಲ್ಲಿ ಸಾಲಾರಜಂಗನ ಕಡೆಯವರ ಕೈಗೆ ಸಿಕ್ಕಿ ಸೆರೆಯಾದನು. ಸೆರೆಮನೆಗೆ ಟೇಲರನು ಬಂದು ಕಂಡನು. ಜೊತೆಗಾರರ ಹೆಸರನ್ನು ಹೇಳಿದರೆ ಕ್ಷಮೆ ದೊರೆಯಬಹುದೆಂಬ ಮಾತು ಬಂದಾಗ ದೊರೆಯು ಬಾಯಿ ಬಿಡಲಿಲ್ಲ. ಕಳ್ಳನಂತೆ ಗಲ್ಲಿಗೇರಿಸುವುದು ಬೇಡ, ತೋಪಿನ ಬಾಯಿಗೆ ಕಟ್ಟಿರಿ ಎಂದನು. ಗಡೀಪಾರು, ಸೆರೆವಾಸಗಳು ಸಾವಿಗಿಂತ ಕೀಳು. ತನ್ನ ಬೇಡರಲ್ಲಿ ಅತ್ಯಂತ ಬಡವನಾದವನೂ ಅವನ್ನು ಸಹಿಸಿ ಬದುಕಲಾರನು ಎಂದನು.

ನ್ಯಾಯಾಲಯ ವಿಧಿಸಿದ್ದು ಮರಣದಂಡನೆ. ಹೈದರಾಬಾದಿನ ರೆಸಿಡೆಂಟನು ಅದನ್ನು ಇಳಿಸಿ ಜೀವಾವಧಿ ಗಡೀಪಾರು ಎಂದನು. ಇಳಿಸಿದನೆಂಬ ಮಾತು ಅವರ ಲೆಕ್ಕದ್ದು. ದೊರೆಯ ಲೆಕ್ಕದಲ್ಲಿ ಅದು ಏರಿದ ಶಿಕ್ಷೆಯೇ ಸರಿ. ಬೋಧಾಯನ ಧರ್ಮಸೂತ್ರವು ಪಾತಿತ್ಯಕ್ಕೆ ಕಾರಣವಾಗುವ ಕರ್ಮಗಳನ್ನು ಎಣಿಸುವಾಗ ಮೊದಲು ಹೆಸರಿಸುವುದು ಸಮುದ್ರಯಾನವನ್ನು. ಜನರ ಬಾಯಲ್ಲಿ ಅದು ‘ಕರಿನೀರು’. ದಾಟಿದವನಿಗೆ ಕುಲವಿಲ್ಲ, ತರ್ಪಣವಿಲ್ಲ. ಆಳುವವರು ಈ ಭಯವನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಅದೇ ತಿಂಗಳುಗಳಲ್ಲಿ ಬಂಗಾಳ ಕೊಲ್ಲಿಯ ಆಚೆ ಏನು ನಡೆದಿತ್ತೆಂಬುದನ್ನು ನೋಡಿರಿ. ದಂಗೆಯಲ್ಲಿ ಹಿಡಿದವರನ್ನು ಇಡಲು ಜಾಗ ಹುಡುಕುತ್ತ ಡಾಕ್ಟರ್ ಮೌಆಟನ ಆಯೋಗವು 1857ರ ಕೊನೆಯಲ್ಲಿ ಅಂಡಮಾನಿಗೆ ಹೋಯಿತು. ಹಿಂದೆ 1789ರಲ್ಲಿ ಬ್ಲೇರನು ನೆಲೆ ಹೂಡಿದ್ದ ರೇವನ್ನೇ ಆರಿಸಿತು. 1858ರ ಮಾರ್ಚ್ 10ರಂದು ಡಾಕ್ಟರ್ ವಾಕರನು 200 ಸೆರೆಯಾಳುಗಳೊಡನೆ ಅಲ್ಲಿಗೆ ಬಂದಿಳಿದನು. ನಮ್ಮ ದೊರೆ ತುರಂಗದಲ್ಲಿದ್ದ ಕಾಲವದು. ಮೂರು ತಿಂಗಳಲ್ಲಿ ಹೀಗೆ ಬಂದವರು 773 ಮಂದಿ. ಉಳಿದವರು ಐನೂರಕ್ಕೆ ಕಡಿಮೆ. ಕಾಡು ದಾಟಿದರೆ ಬರ್ಮಾ ದೇಶ ಸಿಕ್ಕೀತೆಂದು ನಂಬಿ ಓಡಿದವರು ಅನೇಕರು. ನಾಲ್ಕು ಸುತ್ತಲೂ ನೀರೆಂಬುದು ಅವರಿಗೆ ತಿಳಿದಿರಲಿಲ್ಲ. ಹಿಂದಿರುಗಿ ಸಿಕ್ಕಿಬಿದ್ದವರಲ್ಲಿ 86 ಮಂದಿಯನ್ನು ವಾಕರನು ಒಂದೇ ದಿನ ಗಲ್ಲಿಗೇರಿಸಿದನು. ನೇಣಿನ ಕಂಬಗಳಿಂದ ಅನತಿದೂರದಲ್ಲಿ, ತಿಳಿನೀರಿನ ಕೆಳಗೆ, ಹವಳದ ದಂಡೆಗಳು ಎಂದಿನಂತೆ ಬೆಳೆಯುತ್ತಿದ್ದವು.

ಕೆಲವು ವರ್ಷಗಳ ಹಿಂದೆ ಒಂದು ರಜೆಯಲ್ಲಿ ನಾನು ಆ ದ್ವೀಪಗಳಿಗೆ ಹೋಗಿಬಂದೆ. ವಂಡೂರಿನಿಂದ ದೋಣಿಯಲ್ಲಿ ಜಾಲಿಬಾಯ್ ಎಂಬ ಜನವಸತಿಯಿಲ್ಲದ ನಡುಗಡ್ಡೆಗೆ ಕರೆದೊಯ್ಯುತ್ತಾರೆ. 1983ರಲ್ಲಿ ಸ್ಥಾಪಿತವಾದ ಸಾಗರ ರಾಷ್ಟ್ರೀಯ ಉದ್ಯಾನದಲ್ಲಿ ಅದು ಸೇರಿದೆ. ಬೆಳ್ಳನೆಯ ಮರಳು, ದಡದವರೆಗೆ ಬಾಗಿದ ಕಾಡು; ಅಂಗಡಿಯಿಲ್ಲ, ಗಲಭೆಯಿಲ್ಲ. ಗಾಜಿನ ತಳದ ದೋಣಿಯಲ್ಲಿ ಕುಳಿತು ಬಗ್ಗಿ ನೋಡಿದರೆ ಜಿಂಕೆಯ ಕೊಂಬಿನಂತೆ ಕವಲೊಡೆದ ಹವಳ, ಮಿದುಳಿನಂತೆ ಸುಕ್ಕುಗಟ್ಟಿದ ಹವಳ, ಅವುಗಳ ಸಂದಿನಲ್ಲಿ ಬಣ್ಣಬಣ್ಣದ ಮೀನು. ಈ ಹವಳವೆಂಬುದು ಗಿಡವಲ್ಲ, ಕಲ್ಲೂ ಅಲ್ಲ. ಸಾಸಿವೆಯಿಂದ ಬಟಾಣಿ ಗಾತ್ರದ ಅಸಂಖ್ಯ ಜೀವಿಗಳು ಒಂದಕ್ಕೊಂದು ಅಂಟಿಕೊಂಡು ನೀರಿನೊಳಗಿನ ಸುಣ್ಣವನ್ನು ಹೀರಿ ಕಟ್ಟುವ ಮನೆ. ನಮ್ಮ ಅಕ್ಕಸಾಲಿಗರ ಅಂಗಡಿಯ ಕೆಂಪು ಹವಳ ಮಾತ್ರ ಬೇರೆ ಜಾತಿಯದು. ಅದು ಬಹುಕಾಲ ಬಂದದ್ದು ಮೆಡಿಟರೇನಿಯನ್ ಸಮುದ್ರದಿಂದ. ಸಂಸ್ಕೃತದ ‘ಪ್ರವಾಳ’ ಹಳಗನ್ನಡದಲ್ಲಿ ‘ಪವಳ’ವಾಗಿ, ಪಕಾರ ಹಕಾರವಾಗಿ ‘ಹವಳ’ವಾಯಿತು. ಪಾಠ ಹೇಳುವವನ ಚಪಲ, ಕ್ಷಮಿಸಿರಿ.

ದೋಣಿಯಲ್ಲಿ ನನಗೆ ಹರ್ಷವಾಯಿತೆಂದರೆ ಸುಳ್ಳಾಗದು. ಆದರೆ ಭೂಪಟವನ್ನು ಬಿಡಿಸಿದಾಗ ಮನಸ್ಸು ಕುಗ್ಗಿತು. ಹವಳಕ್ಕೆ ಹೆಸರಾದ ಎರಡು ದ್ವೀಪಗಳು ಹ್ಯಾವ್‌ಲಾಕ್ ಮತ್ತು ನೀಲ್. ಇಬ್ಬರೂ 1857ರ ದಂಗೆಯನ್ನು ಅಡಗಿಸಿದ ಸೇನಾನಿಗಳು. ಗೆದ್ದವರ ಹೆಸರು ಹೊತ್ತ ದಂಡೆಗೆ ಸೋತವರನ್ನು ಸಾಗಿಸಿದ್ದರು. 2018ರಲ್ಲಿ ಅವು ಸ್ವರಾಜ ದ್ವೀಪ, ಶಹೀದ ದ್ವೀಪಗಳಾದವು. 2024ರಲ್ಲಿ ಪೋರ್ಟ್ ಬ್ಲೇರ್ ಸಹ ಶ್ರೀವಿಜಯಪುರವೆಂದಾಯಿತು.

ಹೆಸರು ಬದಲಾದಷ್ಟು ಸುಲಭವಾಗಿ ಹವಳ ಚೇತರಿಸಿಕೊಳ್ಳುವುದಿಲ್ಲ. 2004ರ ಡಿಸೆಂಬರಿನ ಭೂಕಂಪದಲ್ಲಿ ಉತ್ತರದ ಕೆಲವು ದಂಡೆಗಳು ನೀರಿನಿಂದ ಮೇಲೆದ್ದು ಬಿಸಿಲಿಗೆ ಸತ್ತವು. 2010ರಲ್ಲಿ ಸಮುದ್ರ ಕಾದಾಗ ಹವಳವು ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಂಡಿತು. ಆ ಪಾಚಿಯೇ ಅದರ ಬಣ್ಣ, ಅದೇ ಅದರ ಮುಖ್ಯ ಆಹಾರ. ನಾನು ಕಂಡ ದಂಡೆಯಲ್ಲೂ ಮುರಿದು ಬೂದಿ ಬಣ್ಣಕ್ಕೆ ತಿರುಗಿದ ಭಾಗಗಳಿದ್ದವು.

ಇನ್ನು ದೊರೆಯ ವಿಷಯ. ಕರಿನೀರನ್ನು ಅವನು ದಾಟಲಿಲ್ಲ. ಗವರ್ನರ್ ಜನರಲನು ಶಿಕ್ಷೆಯನ್ನು ಮತ್ತೆ ಇಳಿಸಿ, ಮದರಾಸಿನ ಸಮೀಪದ ಕೋಟೆಯಲ್ಲಿ ನಾಲ್ಕು ವರ್ಷದ ಸೆರೆ, ನಡತೆ ಸರಿಯಿದ್ದರೆ ಸಂಸ್ಥಾನ ಹಿಂದಕ್ಕೆ ಎಂದು ತೀರ್ಮಾನಿಸಿದನು. ದೊರೆಯು 24ನೆಯ ವಯಸ್ಸನ್ನು ದಾಟಲಾರನೆಂದು ಜಾತಕ ಹೇಳಿದ್ದನ್ನು ಟೇಲರನು ಬಲ್ಲನು. ಅದು ಸುಳ್ಳಾಯಿತೆಂದು ಸಮಾಧಾನಪಟ್ಟನು. ಆದದ್ದೇನು? ಸಿಕಂದರಾಬಾದಿನಿಂದ ಹೊರಟ ಮೊದಲ ಬಿಡಾರದಲ್ಲೇ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ದೊರೆಯು ಅಸು ನೀಗಿದನು. ತಾನೇ ಹಾರಿಸಿಕೊಂಡನೆಂದು ಟೇಲರನ ಬರಹ. ನಮ್ಮ ಕಡೆಯ ಹಿರಿಯರು ಅನೇಕರು ಅದನ್ನೊಪ್ಪುವುದಿಲ್ಲ, ಕೊಂದರೆಂದೇ ಹೇಳುತ್ತಾರೆ. ಗುಡಾರದೊಳಗೆ ಆ ಗಳಿಗೆಯಲ್ಲಿ ಸಾಕ್ಷಿಯಾಗಿ ನಿಂತವರಿರಲಿಲ್ಲ. 1860ರಲ್ಲಿ ಸುರಪುರವನ್ನು ಇಂಗ್ಲಿಷರು ನಿಜಾಮನಿಗೆ ಒಪ್ಪಿಸಿದರು.

ಊರಿಗೆ ಮರಳಿದಾಗ ನನ್ನ ಮಕ್ಕಳು, ಶಾಲೆಯವರು ಎಂಬ ಅರ್ಥದಲ್ಲಿ, ಹವಳದ ಚೂರೊಂದನ್ನಾದರೂ ತಂದಿರಾ ಎಂದು ಕೇಳಿದರು. ತರಕೂಡದು, 2001ರಿಂದ ಅದಕ್ಕೆ ವನ್ಯಜೀವಿ ಕಾನೂನಿನ ರಕ್ಷಣೆಯಿದೆ. ಬದಲಿಗೆ ತರಗತಿಯ ನೆಲದ ಶಹಾಬಾದು ಕಲ್ಲಿನ ಮೇಲೆ ನಿಂಬೆಯ ರಸ ಹಿಂಡಿಸಿದೆ. ಸಣ್ಣಗೆ ನೊರೆ ಎದ್ದಿತು. ಹವಳವೂ ಹೀಗೆಯೇ ನೊರೆಯುತ್ತದೆ, ಎರಡೂ ಸುಣ್ಣ ಎಂದೆ. ದೊರೆ ದಾಟಿದ್ದರೆ ಏನಾಗುತ್ತಿತ್ತು ಎಂದು ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು.