ಗರ್ಭಿಣಿಯ ಗುಟ್ಟು ಯಾರ ಕೈಯಲ್ಲಿ: ವಯನಾಡಿನ ನೆಲೆಯಿಂದ ಕಾನೂನಿನ ಹಾದಿ

ಗರ್ಭಿಣಿಯ ಖಾಸಗಿತನವನ್ನು ಕಾಪಾಡುವ ಕಾನೂನು ಭಾರತದಲ್ಲಿ ಒಂದೇ ಕಾಯ್ದೆಯ ರೂಪದಲ್ಲಿ ಬಂದಿಲ್ಲ. ಬೇರೆ ಬೇರೆ ಉದ್ದೇಶಗಳಿಗಾಗಿ ಹುಟ್ಟಿದ ಹಲವು ಕಾಯ್ದೆ, ನಿಯಮ ಮತ್ತು ತೀರ್ಪುಗಳಲ್ಲಿ ಅದು ಚದುರಿಹೋಗಿದೆ. ಇವನ್ನೆಲ್ಲ ಒಟ್ಟುಗೂಡಿಸಿ ವಯನಾಡಿನಂಥ ಗುಡ್ಡಗಾಡು ಜಿಲ್ಲೆಯ ಬದುಕಿನೊಂದಿಗೆ ಹೋಲಿಸಿದಾಗ ಒಂದು ಕೊರತೆ ಎದ್ದು ಕಾಣುತ್ತದೆ. ಗುಟ್ಟು ಕಾಯುವ ಹೊಣೆಯನ್ನು ಕಾನೂನು ಬಹುಮಟ್ಟಿಗೆ ನೋಂದಾಯಿತ ವೈದ್ಯರ ಮೇಲೆ ಹೊರಿಸಿದೆ. ಹಾಡಿಯ ಹೆಣ್ಣೊಬ್ಬಳು ಬಸಿರಾದ ಸುದ್ದಿಯಾದರೋ ವೈದ್ಯರನ್ನು ಮುಟ್ಟುವ ಮೊದಲೇ ಹಲವರ ಕಿವಿ ದಾಟಿರುತ್ತದೆ.

ಆರಂಭದಲ್ಲಿ ಕಾನೂನಿಗೆ ಈ ಗುಟ್ಟೇ ಅನುಮಾನದ ವಸ್ತುವಾಗಿತ್ತು. 1860ರ ಭಾರತೀಯ ದಂಡಸಂಹಿತೆಯ 312ನೇ ಕಲಮು ತಾಯಿಯ ಜೀವ ಉಳಿಸುವ ಸದುದ್ದೇಶವಿಲ್ಲದ ಗರ್ಭಪಾತವನ್ನು ಅಪರಾಧವೆಂದಿತು, ಗರ್ಭ ಇಳಿಸಿಕೊಂಡ ಹೆಣ್ಣನ್ನೂ ಅದರೊಳಗೆ ಸೇರಿಸಿತು; 318ನೇ ಕಲಮು ಶಿಶುವಿನ ಶವವನ್ನು ಗುಟ್ಟಾಗಿ ಹೂತು ಹೆರಿಗೆಯನ್ನೇ ಮುಚ್ಚಿಡುವುದಕ್ಕೆ ಎರಡು ವರ್ಷದವರೆಗಿನ ಸೆರೆವಾಸವನ್ನು ವಿಧಿಸಿತು. ಮದರಾಸು ಪ್ರಾಂತದ ಮಲಬಾರಿಗೆ ಸೇರಿದ್ದ ವಯನಾಡಿಗೂ ಇದೇ ಕಾನೂನು ಅನ್ವಯಿಸುತ್ತಿತ್ತು.

ದಿಕ್ಕು ಬದಲಾದದ್ದು 1964ರಲ್ಲಿ ನೇಮಕಗೊಂಡು 1966ರಲ್ಲಿ ವರದಿ ನೀಡಿದ ಶಾಂತಿಲಾಲ್ ಷಾ ಸಮಿತಿಯ ನಂತರ. ಅದರ ಫಲವಾಗಿ ಬಂದ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ 1972ರ ಏಪ್ರಿಲ್ 1ರಂದು ಜಾರಿಗೆ ಬಂತು. ಗೋಪ್ಯತೆಯ ನಿಜವಾದ ಕಟ್ಟುಪಾಡು ಇರುವುದು ಕಾಯ್ದೆಗಿಂತ ಹೆಚ್ಚಾಗಿ ಅದರ ಕೆಳಗೆ 1975ರಲ್ಲಿ, ಮತ್ತೆ 2003ರಲ್ಲಿ ಹೊರಬಂದ ವಿನಿಯಮಗಳಲ್ಲಿ. ಇವುಗಳ ಪ್ರಕಾರ ಒಳದಾಖಲಾತಿಯ ರಿಜಿಸ್ಟರು ಒಂದು ರಹಸ್ಯ ದಸ್ತಾವೇಜು: ಅದು ಆಸ್ಪತ್ರೆಯ ಮುಖ್ಯಸ್ಥರ ಅಥವಾ ಮಾಲೀಕರ ವಶದಲ್ಲೇ ಇರಬೇಕು, ಕಾನೂನಿನ ಅಧಿಕಾರವಿಲ್ಲದೆ ಯಾರೂ ಅದನ್ನು ತೆರೆದು ನೋಡುವಂತಿಲ್ಲ. ಹೆಣ್ಣಿನ ಒಪ್ಪಿಗೆಪತ್ರವನ್ನೂ ವೈದ್ಯರ ಅಭಿಪ್ರಾಯಪತ್ರವನ್ನೂ ಲಕೋಟೆಯಲ್ಲಿಟ್ಟು ಮೊಹರು ಮಾಡಿ, ಮೇಲೆ ರಹಸ್ಯವೆಂದು ನಮೂದಿಸಬೇಕು. ಕೇಸ್ ಶೀಟಿನಲ್ಲಾಗಲಿ, ಶಸ್ತ್ರಚಿಕಿತ್ಸಾ ಕೊಠಡಿಯ ಪುಸ್ತಕದಲ್ಲಾಗಲಿ ಆಕೆಯ ಹೆಸರು ಬರುವಂತಿಲ್ಲ. ಆ ವರ್ಷದ ಕ್ರಮಸಂಖ್ಯೆಯೊಂದೇ ಬರಬೇಕು. ಕಾಗದದ ಯುಗದಲ್ಲಿ ಹೆಸರನ್ನು ದೇಹದಿಂದ ಬೇರ್ಪಡಿಸಿದ ಈ ಏರ್ಪಾಡು ಇಂದಿನ ಹಲವು ಗಣಕ ವ್ಯವಸ್ಥೆಗಳಿಗಿಂತ ಹೆಚ್ಚು ವಿವೇಕದ್ದು. ಆದರೆ ಇದನ್ನು ಉದ್ದೇಶಪೂರ್ವಕವಾಗಿ ಮುರಿದವರಿಗೆ ಕಾಯ್ದೆ ಇಟ್ಟ ದಂಡ ಹೆಚ್ಚೆಂದರೆ ಸಾವಿರ ರೂಪಾಯಿ. ಅದಕ್ಕಿಂತ ದೊಡ್ಡ ತೊಡಕೆಂದರೆ ಈ ವಿನಿಯಮಗಳು ರೂಪುಗೊಂಡದ್ದು ಅನುಮೋದಿತ ಸ್ಥಳಗಳನ್ನು ಕಣ್ಣಮುಂದಿಟ್ಟುಕೊಂಡು. 2002ರ ತಿದ್ದುಪಡಿಯು ಅನುಮೋದನೆಯಿಲ್ಲದ ಕಡೆ ಗರ್ಭಪಾತ ಮಾಡುವವರಿಗೆ ಎರಡರಿಂದ ಏಳು ವರ್ಷದ ಕಠಿಣ ಸೆರೆವಾಸವನ್ನು ಗೊತ್ತುಪಡಿಸಿತು, ಆದರೆ ಅಂಥಲ್ಲಿಗೆ ಹೋಗಿಬಂದ ಹೆಣ್ಣಿನ ಹೆಸರಿನ ಗತಿಯೇನೆಂಬುದನ್ನು ಅದು ಮುಟ್ಟಲಿಲ್ಲ.

ವಯನಾಡಿನಲ್ಲಿ ಈ ಪ್ರಶ್ನೆ ಬೇರೊಂದು ರೂಪದಲ್ಲಿ ಬೆಳೆಯಿತು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಪಂಗಡದವರು ಸುಮಾರು ಶೇ 18.5, ಪಣಿಯರು, ಕೊಡಗಿನಲ್ಲಿ ಯರವರೆಂದು ಕರೆಸಿಕೊಳ್ಳುವ ಅಡಿಯರು, ಕಾಟ್ಟುನಾಯಕರು, ಕನ್ನಡಕ್ಕೆ ಹತ್ತಿರದ ನುಡಿಯಾಡುವ ಬೆಟ್ಟಕುರುಬರು ಅವರಲ್ಲಿ ಸೇರಿದ್ದಾರೆ. ತಿರುನೆಲ್ಲಿ ಮೊದಲಾದ ಪಂಚಾಯಿತಿಗಳಲ್ಲಿ, ಹೊರಗಿನ ಗಂಡಸರು ಮದುವೆಯ ಮಾತಾಡಿ ಅಥವಾ ಬಲಾತ್ಕರಿಸಿ ಕೈಬಿಟ್ಟ ಆದಿವಾಸಿ ಹೆಣ್ಣುಮಕ್ಕಳು ಅವಿವಾಹಿತ ತಾಯಂದಿರಾಗಿ ಉಳಿದದ್ದು ಕೇರಳದ ಸಾರ್ವಜನಿಕ ಚರ್ಚೆಯಲ್ಲಿ ದಶಕಗಳಿಂದ ಬರುತ್ತಿರುವ ನೋವಿನ ವಿಷಯ. ಕೇರಳ ಸಾಮಾಜಿಕ ಸುರಕ್ಷಾ ಮಿಷನ್ ಇವರಿಗಾಗಿ ಸ್ನೇಹಸ್ಪರ್ಶಂ ಎಂಬ ಮಾಸಿಕ ನೆರವಿನ ಯೋಜನೆಯನ್ನು ತಂದಿತು. ನೆರವು ಅಗತ್ಯವಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಪಡೆಯಬೇಕಾದರೆ ಹೆಣ್ಣು ತಾನು ಅವಿವಾಹಿತ ತಾಯಿಯೆಂದು ಕಚೇರಿಯ ಕಾಗದದಲ್ಲಿ ಒಪ್ಪಿಕೊಳ್ಳಬೇಕು, ಆ ಕಾಗದ ಮೇಜಿನಿಂದ ಮೇಜಿಗೆ ಸಾಗಬೇಕು. ಆಶಾ ಕಾರ್ಯಕರ್ತೆ, ಅಂಗನವಾಡಿ ಶಿಕ್ಷಕಿ, ಪರಿಶಿಷ್ಟ ಪಂಗಡ ಇಲಾಖೆಯ ಪ್ರಮೋಟರ್, ಆಸ್ಪತ್ರೆಗೆ ಜೀಪು ಓಡಿಸುವವನು, ಇವರಲ್ಲಿ ಯಾರನ್ನೂ ಗರ್ಭಪಾತ ಕಾಯ್ದೆಗೆ ಮುಂದೆ ಸೇರಿದ ಗೋಪ್ಯತೆಯ ಕಲಮು ಹೆಸರಿಸಿಲ್ಲ.

2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ, ಈ ಬಿಕ್ಕಟ್ಟನ್ನು ಇನ್ನಷ್ಟು ಬಿಗಿಗೊಳಿಸಿತು. ಅದರ 19ನೇ ಕಲಮಿನಂತೆ ಹದಿನೆಂಟು ತುಂಬದವರ ಮೇಲಿನ ಅಪರಾಧ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮಿನಡಿ ಶಿಕ್ಷೆ. ಪಣಿಯರಲ್ಲಿ ಹದಿನೆಂಟಕ್ಕೆ ಮೊದಲೇ ಹುಡುಗ ಹುಡುಗಿ ಸಮುದಾಯದ ಒಪ್ಪಿಗೆಯಿಂದ ಕೂಡಿಬಾಳುವ ರೂಢಿಯಿದೆ. ಬಸುರಿ ಹುಡುಗಿ ತಪಾಸಣೆಗೆ ಬಂದಾಗ ವಯಸ್ಸು ಬರೆಸುತ್ತಾಳೆ, ಆಸ್ಪತ್ರೆ ಪೊಲೀಸರಿಗೆ ತಿಳಿಸುತ್ತದೆ, ಅವಳ ಜೊತೆಗಾರ ಜೈಲು ಸೇರುತ್ತಾನೆ. ಇಂಥ ಪ್ರಕರಣಗಳು ವಯನಾಡಿನಿಂದ ಮತ್ತೆ ಮತ್ತೆ ವರದಿಯಾಗಿವೆ. ಮಗುವಿನ ರಕ್ಷಣೆಗೆಂದೇ ಹುಟ್ಟಿದ ಕಾನೂನು ಆಸ್ಪತ್ರೆಯ ಬಾಗಿಲನ್ನೇ ಭಯದ ಜಾಗವಾಗಿಸಿದರೆ, ಮಾನಂದವಾಡಿ ಅಥವಾ ಸುಲ್ತಾನ್ ಬತ್ತೇರಿಯ ಸರ್ಕಾರಿ ಆಸ್ಪತ್ರೆಯನ್ನು ಬಿಟ್ಟು ಯಾವ ನಿಯಮಕ್ಕೂ ಒಳಪಡದ ಕಡೆಗೆ ಹೋಗುವುದು ಆ ಹುಡುಗಿಯ ತಪ್ಪೆನ್ನಲಾಗದು. ಒಮ್ಮತದ ಸಂಬಂಧದ ವಯಸ್ಸನ್ನು ಇಳಿಸಬಾರದೆಂದ ಕಾನೂನು ಆಯೋಗದ 283ನೇ ವರದಿ (2023) ಕೂಡ, ಹದಿನಾರರಿಂದ ಹದಿನೆಂಟರ ನಡುವಿನವರ ಒಪ್ಪಿತ ಸಂಬಂಧಗಳಲ್ಲಿ ಶಿಕ್ಷೆಯ ವಿಷಯದಲ್ಲಿ ನ್ಯಾಯಾಲಯಕ್ಕೆ ವಿವೇಚನೆ ಇರಬೇಕೆಂದಿತು.

ಪರಿಹಾರದ ಒಂದು ಹೆಜ್ಜೆ ಸುಪ್ರೀಂ ಕೋರ್ಟಿನಿಂದ ಬಂತು. 2022ರ ಸೆಪ್ಟೆಂಬರ್ 29ರಂದು ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್, ಎ.ಎಸ್. ಬೋಪಣ್ಣ ಮತ್ತು ಜೆ.ಬಿ. ಪಾರ್ದಿವಾಲಾ ಅವರ ಪೀಠವು, ಗರ್ಭಪಾತ ಬಯಸಿ ಬಂದ ಅಪ್ರಾಪ್ತೆಯೂ ಆಕೆಯ ಪೋಷಕರೂ ಕೋರಿದರೆ ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಆಕೆಯ ಗುರುತನ್ನು ಹೇಳಬೇಕಿಲ್ಲವೆಂದು ಸ್ಪಷ್ಟಪಡಿಸಿತು. ಅದಕ್ಕೆ ಒಂದು ವರ್ಷ ಮೊದಲು, 2021ರ ತಿದ್ದುಪಡಿಯು ಮೂಲ ಕಾಯ್ದೆಗೆ 5ಎ ಕಲಮನ್ನು ಸೇರಿಸಿ, ಗರ್ಭಪಾತ ಮಾಡಿಸಿಕೊಂಡ ಹೆಣ್ಣಿನ ಹೆಸರು ಮತ್ತು ವಿವರಗಳನ್ನು ಬಯಲುಮಾಡುವ ನೋಂದಾಯಿತ ವೈದ್ಯರಿಗೆ ಒಂದು ವರ್ಷದವರೆಗಿನ ಸೆರೆ ಅಥವಾ ದಂಡ ಅಥವಾ ಎರಡನ್ನೂ ವಿಧಿಸಿತ್ತು. ಸಾವಿರ ರೂಪಾಯಿಯ ದಂಡದಿಂದ ಇಲ್ಲಿಗೆ ಬಂದದ್ದು ದೊಡ್ಡ ನಡೆಯೇ. ಆದರೂ ಎರಡೂ ಕಡೆ ವಾಕ್ಯದ ಕರ್ತೃ ವೈದ್ಯರೇ; ಮಗುವನ್ನು ಉಳಿಸಿಕೊಂಡು ಹೆರಲು ನಿರ್ಧರಿಸಿದವಳಿಗೆ 5ಎ ಕಲಮಿನ ಆಸರೆ ಇಲ್ಲ.

ಹೆರುವವರೆಗೆ ಮನೆಯಿಂದ ದೂರ ಉಳಿಯಬೇಕಾದ ಹೆಣ್ಣುಮಕ್ಕಳಿಗೆ ಆಶ್ರಯ ಕೊಡುವ ಧರ್ಮಾರ್ಥ ನಿಲಯಗಳ ವಿಷಯದಲ್ಲಿ ಕಾನೂನು ಮೊದಲಿನಿಂದಲೂ ನೋಡಿದ್ದು ಪರವಾನಗಿ ಮತ್ತು ಆಡಳಿತವನ್ನು. 1960ರ ಅನಾಥಾಲಯ ಮತ್ತು ಇತರ ಧರ್ಮಾರ್ಥ ನಿಲಯಗಳ ಕಾಯ್ದೆಯ ಹೆಸರಿನಲ್ಲಿದ್ದುದು ಮೇಲ್ವಿಚಾರಣೆ ಮತ್ತು ನಿಯಂತ್ರಣವೇ. ಮಗುವನ್ನು ಒಪ್ಪಿಸುವ ಹಂತದಲ್ಲಿ ಮಾತ್ರ ರಕ್ಷಣೆ ಗಟ್ಟಿಯಾಗಿದೆ. 2002ರಲ್ಲಿ ತಿರುವನಂತಪುರದಲ್ಲಿ ಕೇರಳ ರಾಜ್ಯ ಶಿಶುಕಲ್ಯಾಣ ಸಮಿತಿ ಆರಂಭಿಸಿದ, ಮಗುವನ್ನು ಇಟ್ಟುಹೋಗಬಹುದಾದ ಅಮ್ಮತೊಟ್ಟಿಲು ತಾಯಿಯ ಹೆಸರನ್ನು ಕೇಳುವುದೇ ಇಲ್ಲ. 2015ರ ಬಾಲನ್ಯಾಯ ಕಾಯ್ದೆಯು ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಿದವರಿಗೆ ಮರುಯೋಚನೆಗೆ ಎರಡು ತಿಂಗಳ ಅವಕಾಶ ಕೊಡುತ್ತದೆ. ಅದೇ ವರ್ಷದ ಜುಲೈನಲ್ಲಿ ಸುಪ್ರೀಂ ಕೋರ್ಟು, ಅವಿವಾಹಿತ ತಾಯಿ ಮಗುವಿನ ತಂದೆಯ ಹೆಸರನ್ನು ಹೇಳಬೇಕಾಗಿಲ್ಲವೆಂದು ತೀರ್ಪಿತ್ತಿತು. ಆದರೆ ಸಲಹೆಯನ್ನಷ್ಟೇ ಕೊಡುವ, ಚಿಕಿತ್ಸೆ ನೀಡದ ಕೇಂದ್ರವು 2018ರ ಕೇರಳ ಕ್ಲಿನಿಕಲ್ ಸಂಸ್ಥೆಗಳ ಕಾಯ್ದೆಯ ಅಂಚಿನಾಚೆ ಉಳಿಯುತ್ತದೆ. ಕೂಲಿಗಾಗಿ ಬಾವಲಿ, ಕುಟ್ಟ ದಾಟಿ ಕೊಡಗಿನ ಕಾಫಿ ತೋಟಕ್ಕೋ ಎಚ್.ಡಿ. ಕೋಟೆಯ ಶುಂಠಿ ಹೊಲಕ್ಕೋ ಹೋಗುವವಳಿಗೆ ಅಲ್ಲಿ ತಾಯಿ ಕಾರ್ಡಿನ ರೂಪದಲ್ಲಿ ಇನ್ನೊಂದು ದಾಖಲೆ ಹುಟ್ಟುತ್ತದೆ, ಇನ್ನೊಂದು ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಅನ್ವಯಿಸುತ್ತದೆ.

ಸಲಹಾ ಕೇಂದ್ರಗಳು ಕಾನೂನಿನ ಅಂಚಿನಾಚೆ ಉಳಿಯುವ ಪ್ರಶ್ನೆ ಅಮೆರಿಕದಲ್ಲಿ ತೀವ್ರವಾಗಿದೆ. ಅಲ್ಲಿನ ಉಚಿತ ಗರ್ಭಸಲಹಾ ಕೇಂದ್ರಗಳಲ್ಲಿ ಅನೇಕವು ವಿಮೆಗೆ ಬಿಲ್ಲು ಹಾಕದ ಕಾರಣ 1996ರ ಆರೋಗ್ಯ ಮಾಹಿತಿ ಕಾಯ್ದೆಗೆ ಒಳಪಡುವುದಿಲ್ಲ. ಇಂಥ ಕೇಂದ್ರಗಳು ಕೆಲವು ಸಂಗತಿಗಳನ್ನು ಫಲಕದಲ್ಲಿ ತಿಳಿಸಬೇಕೆಂದ ಕ್ಯಾಲಿಫೋರ್ನಿಯಾದ 2015ರ ಕಾನೂನನ್ನು 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ವಾಕ್ ಸ್ವಾತಂತ್ರ್ಯದ ಹೆಸರಿನಲ್ಲಿ ತಡೆಯಿತು.

ಭಾರತದಲ್ಲಿ ಹೊಸ ದಾರಿ ತೆರೆದದ್ದು ಮಾಹಿತಿ ಕಾನೂನು. 2009ರಿಂದ ಗರ್ಭಿಣಿಯರನ್ನು ಹೆಸರು ಹಿಡಿದು ದಾಖಲಿಸುವ ಗಣಕ ವ್ಯವಸ್ಥೆ ದೇಶದಾದ್ಯಂತ ಬಂತು. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿಯ 2011ರ ನಿಯಮಗಳು ವೈದ್ಯಕೀಯ ದಾಖಲೆಯನ್ನು ಸೂಕ್ಷ್ಮ ಮಾಹಿತಿಯೆಂದವು. 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆರೋಗ್ಯ ಮಾಹಿತಿಗೆಂದೇ ಸಿದ್ಧವಾದ 2018ರ ಕರಡು ಕಾನೂನಾಗಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹೆಚ್ಚುಗಾರಿಕೆಯೆಂದರೆ, ಮಾಹಿತಿ ಇಟ್ಟುಕೊಂಡವರು ವೈದ್ಯರೇ ಅಲ್ಲವೇ ಎಂದು ಅದು ಕೇಳುವುದಿಲ್ಲ. ಸಲಹಾ ಕೇಂದ್ರವೂ ಆಶ್ರಯ ನಿಲಯವೂ ಅದರ ಕೈಗೆ ಸಿಗುತ್ತವೆ, ಸುರಕ್ಷತೆಯ ಲೋಪಕ್ಕೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ಆದರೆ ಆರೋಗ್ಯ ಮಾಹಿತಿಗೆ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ, ಗಣಕಕ್ಕೇರದ ನೋಟುಪುಸ್ತಕ ಅದರ ವ್ಯಾಪ್ತಿಯಲ್ಲಿಲ್ಲ, ದಂಡದ ಹಣ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆಯೇ ಹೊರತು ನೊಂದವಳಿಗಲ್ಲ. 2025ರ ನವೆಂಬರಿನಲ್ಲಿ ಹೊರಬಿದ್ದ ಅದರ ನಿಯಮಗಳಲ್ಲಿ ವಯನಾಡಿನ ಮಟ್ಟಿಗೆ ಅತ್ಯಂತ ತೂಕದ ಅಂಶ ಬೇರೆಯೇ ಇದೆ. ಹದಿನೆಂಟು ತುಂಬದವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕೆಂಬ ಕಾಯ್ದೆಯ ಕಟ್ಟಳೆಯಿಂದ ಕ್ಲಿನಿಕಲ್ ಸಂಸ್ಥೆಗಳಿಗೂ ಆರೋಗ್ಯ ವೃತ್ತಿಪರರಿಗೂ ಚಿಕಿತ್ಸೆಗೆ ಬೇಕಾದಷ್ಟು ವಿನಾಯಿತಿ ಸಿಕ್ಕಿದೆ. ಈ ವರ್ಗಗಳಿಗೆ ಸೇರದ ಕೇಂದ್ರಕ್ಕೆ ಆ ವಿನಾಯಿತಿ ಇಲ್ಲವಾದ್ದರಿಂದ, ಈ ಕಲಮುಗಳು ಹದಿನೆಂಟು ತಿಂಗಳ ಗಡುವು ಕಳೆದು ಜಾರಿಯಾದಾಗ, ಅಲ್ಲಿಗೆ ಹೋಗುವ ಹದಿನೇಳರ ಹುಡುಗಿಯ ಹೆಸರು ಗಣಕಕ್ಕೆ ಏರುವ ಮೊದಲು ಆಕೆಯ ಬಸಿರು ಮನೆಯವರಿಗೆ ತಿಳಿಯಬೇಕಾಗುತ್ತದೆ.