ನಾರುಗಾರೆ: ಬೆರಕೆ ಮತ್ತು ಬಲ
ನಾರುಗಾರೆ ಎಂದರೆ ಸುಣ್ಣ, ಮರಳಿನ ಗಾರೆಗೆ ಸಸ್ಯನಾರನ್ನೂ ಬೆಲ್ಲ, ಅಳಲೆಕಾಯಿ ರಸ, ಇಟ್ಟಿಗೆ ಪುಡಿಯಂಥ ಬೆರಕೆಗಳನ್ನೂ ಸೇರಿಸಿದ ಸಂಯುಕ್ತ ವಸ್ತು. ಸುಣ್ಣದ ಗಾರೆಯ ಬಾಳಿಕೆಗೆ ಬೀದರಿನ ಪೂರ್ವಕ್ಕಿರುವ ಅಷ್ಟೂರಿನ ಬಹಮನಿ ಗೋರಿಗಳು ಸಾಕ್ಷಿ. 1436ರಲ್ಲಿ ತೀರಿಕೊಂಡ ಸುಲ್ತಾನ ಅಹ್ಮದ್ ಷಾ ವಲಿಯ ಗುಮ್ಮಟದೊಳಗಿನ ವರ್ಣಚಿತ್ರಗಳು ಉಳಿದಿರುವುದೂ ಗಿಲಾವಿನ ಮೇಲೆಯೇ. ಎಲ್ಲೋರದ ಮಣ್ಣಿನ ಗಿಲಾವಿನಲ್ಲಿ ಭಂಗಿ ನಾರು ಸಿಕ್ಕಿದೆ. ಆದರೆ ಬೆರಕೆ ಹೆಚ್ಚಿದಷ್ಟೂ ಬಲ ಹೆಚ್ಚುತ್ತದೆ ಎಂಬ ನಂಬಿಕೆ ನಿಲ್ಲುವುದಿಲ್ಲ. ಒತ್ತಡ ತಾಳುವುದು ಸುಣ್ಣ. ನಾರಿನ ಕೆಲಸ ಬಿರುಕು ಬಾಯಿಬಿಡದಂತೆ ಹಿಡಿಯುವುದು. ನಾರು ಅತಿಯಾದರೆ ಗಂಟುಕಟ್ಟಿ ಪೊಳ್ಳು ಉಳಿದು, ಗಾರೆ ಸೊರಗುತ್ತದೆ. ಬೆಲ್ಲದ ಸಕ್ಕರೆ ನೀರಿನಲ್ಲಿ ಸುಣ್ಣ ಹೆಚ್ಚು ಕರಗುವಂತೆ ಮಾಡುತ್ತದೆ, ಮಿತಿಮೀರಿದರೆ ಗಾರೆ ಗಟ್ಟಿಯಾಗುವುದು ತಡವಾಗುತ್ತದೆ. ಹದವಾಗಿ ಸುಟ್ಟ ಇಟ್ಟಿಗೆಯ ನುಣ್ಣನೆ ಪುಡಿಯಾದರೋ ಸುಣ್ಣದೊಡನೆ ಕೂಡಿ ತೇವದಲ್ಲೂ ಬಿಗಿಯುತ್ತದೆ.

ನಿರ್ಣಾಯಕವಾದದ್ದು ನಾರಿಗೂ ಗಾರೆಗೂ ಇರುವ ಹಿಡಿತ. ಸಡಿಲವಾದರೆ ನಾರು ಜಾರುತ್ತದೆ. ಅತಿ ಬಿಗಿಯಾದರೆ ಎಳೆದು ಬರುವ ಬದಲು ತುಂಡಾಗಿ, ವಸ್ತು ಪೆಡಸಾಗುತ್ತದೆ. ಗಾಜಿನ ನಾರಿಗೆ ಸಿಲೇನ್ ಎಂಬ ರಾಸಾಯನಿಕ ಲೇಪಿಸುವುದೂ ಇಂಥ ಹಿಡಿತಕ್ಕಾಗಿಯೇ. ಸಿಮೆಂಟ್ ಇನ್ನೂ ಬಲವಲ್ಲವೇ ಎಂಬ ಆಕ್ಷೇಪ ಒತ್ತಡದ ಮಟ್ಟಿಗೆ ಸರಿ. ಬೀದರಿನ ರಂಧ್ರಮಯ ಜಂಬಿಟ್ಟಿಗೆ ಕಲ್ಲಿನ ಮೇಲೆ ಮಾತ್ರ ಬಿರುಸಾದ ಸಿಮೆಂಟ್ ಪದರ ತೇವವನ್ನು ಒಳಗೇ ತಡೆದು, ಉಪ್ಪು ಸೇರಿಸಿ, ಕಲ್ಲನ್ನೇ ಉದುರಿಸುತ್ತದೆ.